ಹಳೆಯ ವೈರಿಂಗ್ ಪರೀಕ್ಷಿಸಿಕೊಟ್ಟ ಚಿಕ್ಕಮಗಳೂರಿನ ತಂಡ

ಮೂಡಿಗೆರೆ ಬಳಿಯ ನಮ್ಮ ಹಂಚಿನ ಮನೆಯಲ್ಲಿ 1988ರಲ್ಲಿ ಹಾಕಿಸಿದ ಪಿವಿಸಿ ವೈರುಗಳೇ ಈವರೆಗೆ ಇದ್ದವು. ಅವುಗಳನ್ನು ಪರೀಕ್ಷಿಸಲು ಈ ಬೇಸಿಗೆಯಲ್ಲಿ ಚಿಕ್ಕಮಗಳೂರಿನ ಸಣ್ಣ ತಂಡವೊಂದನ್ನು ಕರೆಸಿದೆವು. ಎಲ್ಲವನ್ನೂ ಕಿತ್ತು ಹಾಕೋಣ ಎಂದು ಬಾಗಿಲಲ್ಲೇ ಹೇಳುವವರನ್ನು ಕಂಡಿದ್ದ ನಮಗೆ, ಇವರು ಮೊದಲು ನೋಡಿ, ಅಳೆದು, ಆಮೇಲಷ್ಟೇ ಖರ್ಚಿನ ಮಾತೆತ್ತಿದ್ದು ತುಂಬಾ ಹಿಡಿಸಿತು.

ಹಿರಿಯ ಮೇಸ್ತ್ರಿಯವರು ಮೇನ್ ಆಫ್ ಮಾಡಿ, ಅಟ್ಟದ ಮೇಲೆ ಹಂಚಿಗೆ ತಾಗಿದಂತೆ ಹಾದಿದ್ದ ಕೆಂಪು ವೈರನ್ನು ಬೆರಳಿಗೆ ಸುತ್ತಿದರು. ಹೊದಿಕೆ ಸುಟ್ಟ ಹಪ್ಪಳದಂತೆ ಮುರಿದು ಉದುರಿತು. ಗೋಡೆಯೊಳಗಿನ ಪೈಪಿನಿಂದ ಎಳೆದ ಅದೇ ಕಾಲದ ವೈರು ಮಾತ್ರ ಇನ್ನೂ ಮೆತ್ತಗೆ ಬಾಗುತ್ತಿತ್ತು. ಪಿವಿಸಿ ಮೂಲತಃ ಗಡಸು ವಸ್ತು. ಅದನ್ನು ಮೃದುಗೊಳಿಸಲು ಬೆರೆಸುವ ಎಣ್ಣೆಯಂಥ ಪ್ಲಾಸ್ಟಿಸೈಸರ್ ಶಾಖಕ್ಕೆ ವರ್ಷಗಟ್ಟಲೆ ಆವಿಯಾಗುತ್ತಾ ಹೋಗುವುದರಿಂದ, ವಯಸ್ಸು ಒಂದೇ ಆದರೂ ಬಿಸಿಲು ಕಾಯ್ದ ವೈರು ಬೇಗ ಮುಪ್ಪಾಗುತ್ತದೆ. ಸಾಮಾನ್ಯ ಪಿವಿಸಿ ವೈರಿಗೆ ನಿಗದಿಯಾದ ಮಿತಿ 70 ಡಿಗ್ರಿ ಸೆಲ್ಸಿಯಸ್. ಉಷ್ಣತೆ 10 ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಕಸುಬಿನವರ ಸ್ಥೂಲ ಲೆಕ್ಕ.

ಗೀಸರ್ ಸ್ವಿಚ್ಚಿನ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಸಡಿಲವಾದ ತಿರುಪಿನ ಬಳಿ ಹೊದಿಕೆ ಕಂದಾಗಿ, ತಾಮ್ರ ಹಸಿರುಗಟ್ಟಿತ್ತು. ಅತಿಯಾಗಿ ಕಾದ ಪಿವಿಸಿ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ನಮ್ಮ ಮಲೆನಾಡಿನ ತೇವ ಸೇರಿದರೆ ಅದು ಆಮ್ಲವಾಗಿ ತಾಮ್ರವನ್ನು ತಿನ್ನುತ್ತದೆ.

ಹೊದಿಕೆ ವಿದ್ಯುತ್ ಸೋರಿಕೆಯನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ 500 ವೋಲ್ಟಿನ ಮೆಗ್ಗರ್ ಹಿಡಿದಾಗ ಅಟ್ಟದ ಲೈನು 0.4 ಮೆಗಾಓಮ್ ತೋರಿಸಿತು. ಕನಿಷ್ಠ 1 ಇರಬೇಕಾದ ಕಡೆ, ಒಣ ಬೇಸಿಗೆಯಲ್ಲೇ ಇಷ್ಟಾದರೆ ಆಷಾಢದ ಮಳೆಯಲ್ಲಿ ಏನು ಗತಿ ಎಂದು ನಿಜಕ್ಕೂ ಭಯವಾಯಿತು. ಅಟ್ಟ ಮತ್ತು ಗೀಸರಿನ ಲೈನುಗಳನ್ನು ಬದಲಿಸಿ, ವಿದ್ಯುತ್ ಸೋರಿದರೆ ತಾನಾಗಿಯೇ ಲೈನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಕೂರಿಸಿ, ಗೋಡೆಯೊಳಗಿನದನ್ನು ಹಾಗೆಯೇ ಬಿಟ್ಟರು.

ಎರಡು ಕೊರತೆಗಳನ್ನು ಹೇಳಲೇಬೇಕು. ಹೊಸ ವೈರನ್ನು ಒಂದು ಕಡೆ ಸೀಲಿಂಗಿನ ಥರ್ಮೋಕೋಲ್ ಹಾಳೆಯ ಮೇಲೆಯೇ ಮಲಗಿಸಿದ್ದರು. ಥರ್ಮೋಕೋಲ್ ತಾಗಿದ ಕಡೆ ಪಿವಿಸಿಯ ಪ್ಲಾಸ್ಟಿಸೈಸರ್ ಅದಕ್ಕೆ ಇಳಿದು, ಹಾಳೆ ಕರಗುತ್ತದೆ, ವೈರು ಬಿರುಸಾಗುತ್ತದೆ. ನಾವು ತೋರಿಸಿದ ಮೇಲೆ ಪೈಪಿನೊಳಗೆ ಸೇರಿಸಿದರು. ಮೆಗ್ಗರ್ ಅಳತೆಗಳನ್ನೂ ಬರೆದುಕೊಡಲಿಲ್ಲ, ನಾನೇ ಕ್ಯಾಲೆಂಡರಿನ ಹಿಂದೆ ಗುರುತು ಹಾಕಿಕೊಂಡೆ. ಆದರೂ ತೋಟದ ಪಂಪ್‌ಶೆಡ್ಡಿನ ವೈರಿಂಗ್ ನೋಡಲು ಮಳೆಗೆ ಮುಂಚೆ ಇವರನ್ನೇ ಬರಹೇಳಿದ್ದೇವೆ.