ಸೋಯಾ ಐಸೊಫ್ಲೇವೋನ್ ಮಾತ್ರೆ: ಬೆವರಿಗೆ ಪರವಾಗಿಲ್ಲ, ಮೂಳೆಗೆ ನಂಬಬೇಡಿ

ಮುಟ್ಟು ನಿಂತ ಮೇಲೆ ಶುರುವಾದ ಬಿಸಿಯೇರಿಕೆಗೆ ಈ ಮಾತ್ರೆ ನುಂಗಲು ಹಿಡಿದು ವರ್ಷದ ಮೇಲಾಯಿತು. ಐಸೊಫ್ಲೇವೋನ್ ಎಂದರೆ ಸೋಯಾದಲ್ಲಿರುವ, ಹೆಣ್ಣಿನ ಹಾರ್ಮೋನು ಈಸ್ಟ್ರೊಜೆನ್‌ನಂತೆ ಅಲ್ಪಸ್ವಲ್ಪ ಕೆಲಸ ಮಾಡುವ ವಸ್ತು. ಮೊದಲ ಕೆಲವು ವಾರ ಏನೇನೂ ಗೊತ್ತಾಗಲಿಲ್ಲ. ಆಮೇಲೆ ರಾತ್ರಿಯ ಕಾಟ ಕಡಿಮೆಯಾಗುತ್ತ ಬಂತು. ಕುತ್ತಿಗೆಯಿಂದ ಕಾವು ಏರಿ ಕಿವಿ ಸುಡುವುದು ಈಗಲೂ ಉಂಟು, ಆದರೆ ಎದ್ದು ರವಿಕೆ ಬದಲಿಸುವಷ್ಟು ಬೆವರುವುದು ಅಪರೂಪ. ಮಾತ್ರೆಯ ಗುಣವೋ, ಕಾಲ ಕಳೆದಂತೆ ತಾನಾಗಿ ಇಳಿಯಿತೋ, ಆಣೆ ಹಾಕಲಾರೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2012ರ ವಿಶ್ಲೇಷಣೆಯಲ್ಲಿ, ಹುಸಿಮಾತ್ರೆ ನುಂಗಿದವರಿಗಿಂತ ಇದನ್ನು ನುಂಗಿದವರಿಗೆ ಬಿಸಿಯೇರಿಕೆ ಶೇ. 20ರಷ್ಟು ಕಡಿಮೆಯಾಗಿತ್ತು. ನನ್ನ ಅನುಭವವೂ ಹೆಚ್ಚುಕಡಿಮೆ ಅಷ್ಟೇ.

ಕೊಳ್ಳುವ ಮುಂಚೆ ಡಬ್ಬಿಯ ಹಿಂಬದಿ ಓದಿ. ಮುಂದೆ ದಪ್ಪಕ್ಷರದಲ್ಲಿ ಸೋಯಾ ಸಾರ 125 ಮಿ.ಗ್ರಾಂ ಎಂದಿರುತ್ತದೆ; ಹಿಂದೆ ಇರುವೆಯಂಥ ಅಕ್ಷರದಲ್ಲಿ ಐಸೊಫ್ಲೇವೋನ್ ಶೇ. 40. ಅಲ್ಲಿಗೆ 50 ಮಿ.ಗ್ರಾಂ. ಅದೂ ಸಕ್ಕರೆಯ ಅಣು ಅಂಟಿಕೊಂಡ ರೂಪದ ತೂಕವಾದರೆ, ಕೆಲಸ ಮಾಡುವ ಭಾಗ ಉಳಿಯುವುದು 30 ಚಿಲ್ಲರೆ. ಐಸೊಫ್ಲೇವೋನ್‌ಗಳಲ್ಲೊಂದಾದ ಜೆನಿಸ್ಟೀನ್ ಎಷ್ಟಿದೆ ಎಂದು ಬೇರೆಯಾಗಿ ಬರೆದಿದ್ದರೆ ಒಳ್ಳೆಯದು. 19 ಮಿ.ಗ್ರಾಂ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಇದ್ದವೇ ಹೆಚ್ಚು ಗುಣ ಕೊಟ್ಟಿವೆ ಎಂದು ಅದೇ ವಿಶ್ಲೇಷಣೆ ಹೇಳುತ್ತದೆ. ಬರೆಯದ ಕಂಪನಿಯದನ್ನು ನಾನು ಕೊಳ್ಳುವುದಿಲ್ಲ.

ಒಂದೇ ಮಾತ್ರೆ ಒಬ್ಬರಿಗೆ ಹಿಡಿಸಿ ಇನ್ನೊಬ್ಬರಿಗೆ ಹಿಡಿಸದಿರಲು ಕರುಳಿನ ಬ್ಯಾಕ್ಟೀರಿಯಾ ಕೂಡ ಕಾರಣವಿರಬಹುದಂತೆ. ಡೈಡ್ಜೀನ್ ಎಂಬ ಇನ್ನೊಂದು ಐಸೊಫ್ಲೇವೋನನ್ನು ಅದಕ್ಕಿಂತ ಚುರುಕಾದ ಈಕ್ವಾಲ್ ಆಗಿಸುವ ಬ್ಯಾಕ್ಟೀರಿಯಾ ಎಲ್ಲರ ಹೊಟ್ಟೆಯಲ್ಲೂ ಇರುವುದಿಲ್ಲ.

‘ಮೂಳೆ ಗಟ್ಟಿ’ ಎಂಬ ಜಾಹೀರಾತಿಗೆ ಮಾತ್ರ ನನ್ನಿಂದ ಒಂದು ನಕ್ಷತ್ರವೂ ಇಲ್ಲ. 2011ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ದಿನಕ್ಕೆ 200 ಮಿ.ಗ್ರಾಂನಂತೆ ಎರಡು ವರ್ಷ ಕೊಟ್ಟರೂ ಮೂಳೆ ಸವೆತ ನಿಲ್ಲಲಿಲ್ಲ, ಬಿಸಿಯೇರಿಕೆಯೂ ತಗ್ಗಲಿಲ್ಲ. ಹಾಗಾಗಿ ಜಾಸ್ತಿ ನುಂಗಿದರೆ ಜಾಸ್ತಿ ಗುಣ ಅನ್ನುವ ಲೆಕ್ಕ ಬೇಡ. ಉತ್ತರ ಅಮೆರಿಕದ ಮೆನೋಪಾಸ್ ಸೊಸೈಟಿಯಂತೂ 2023ರಲ್ಲಿ ಬಿಸಿಯೇರಿಕೆಗೂ ಇದನ್ನು ಶಿಫಾರಸು ಮಾಡಲಿಲ್ಲ.

ನನಗೆ ಆದ ತೊಂದರೆಯೆಂದರೆ ಮೊದಮೊದಲು ಹೊಟ್ಟೆಯುಬ್ಬರ. ಊಟದ ಜೊತೆ ತೆಗೆದುಕೊಂಡರೆ ಇಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ಎರಡನ್ನೂ ಒಟ್ಟಿಗೆ ನುಂಗಬೇಡಿ, ಸೋಯಾ ಅದನ್ನು ಮೈಗೆ ಹಿಡಿಯಗೊಡುವುದಿಲ್ಲ. ಸ್ತನ ಕ್ಯಾನ್ಸರ್ ಆಗಿದ್ದವರು ವೈದ್ಯರನ್ನು ಕೇಳದೆ ಡಬ್ಬಿ ತೆರೆಯಲೇಬೇಡಿ.

ಬೆವರಿಗೆ ಐದಕ್ಕೆ ಮೂರು ಕೊಡುತ್ತೇನೆ.