ಊಟದ ಮೇಜಿನ ಮುಂದೆ ಕುಳಿತು ನ್ಯಾಯಾಧೀಶರಿಗೆ ಹೇಳಿದ್ದು: ಅಮೆರಿಕದ ಮಾಜಿ ಸೈನಿಕರ ಮೇಲ್ಮನವಿ ಮಂಡಳಿಯ ವಿಡಿಯೊ ವಿಚಾರಣೆ

ನನ್ನ ಯಜಮಾನರು ಎಂಟು ವರ್ಷ ಅಮೆರಿಕದ ಭೂಸೇನೆಯಲ್ಲಿ ಡೀಸೆಲ್ ಜನರೇಟರ್ ಮೆಕ್ಯಾನಿಕ್ ಆಗಿ ದುಡಿದವರು. ಹಾಸನದಿಂದ ಬಂದವರು ಗ್ರೀನ್ ಕಾರ್ಡ್ ಹಿಡಿದುಕೊಂಡೇ ಸೇನೆಗೆ ಸೇರಿದರು, ಸೇವೆಯಲ್ಲಿದ್ದಾಗಲೇ ಪೌರತ್ವ ಪಡೆದರು, ಒಂಬತ್ತು ತಿಂಗಳು ಅಫ್ಘಾನಿಸ್ತಾನದಲ್ಲಿಯೂ ಇದ್ದು ಬಂದರು. ಆ ಜನರೇಟರ್‌ಗಳ ಸದ್ದು ಅವರ ಕಿವಿಯಿಂದ ಇಂದಿಗೂ ಇಳಿದಿಲ್ಲ. ರಾತ್ರಿ ಮನೆಯೆಲ್ಲ ನಿಶ್ಶಬ್ದವಾದಾಗ ಅವರಿಗೆ ಮಾತ್ರ ಒಂದೇ ಸಮನೆ ಗುಂಯ್ ಎನ್ನುವ ಮೊರೆತ ಕೇಳಿಸುತ್ತದೆ, ಆದ್ದರಿಂದ ಚಳಿಗಾಲದಲ್ಲಿಯೂ ನಮ್ಮ ಮಲಗುವ ಕೋಣೆಯಲ್ಲಿ ಫ್ಯಾನ್ ತಿರುಗುತ್ತಲೇ ಇರುತ್ತದೆ. ಈ ಕಿವಿಮೊರೆತಕ್ಕೂ ಮಂದವಾಗುತ್ತಿರುವ ಶ್ರವಣಕ್ಕೂ ಪರಿಹಾರ ಕೋರಿ ಅವರು ಮಾಜಿ ಸೈನಿಕರ ಇಲಾಖೆಗೆ 2021ರಲ್ಲಿ ಅರ್ಜಿ ಹಾಕಿದರು, 2022ರಲ್ಲಿ ಅದು ತಿರಸ್ಕೃತವಾಯಿತು, ಕೊನೆಗೆ 2024ರ ನವೆಂಬರಿನಲ್ಲಿ ಬೋರ್ಡ್ ಆಫ್ ವೆಟರನ್ಸ್ ಅಪೀಲ್ಸ್ ಎಂಬ ಮೇಲ್ಮನವಿ ಮಂಡಳಿಯ ನ್ಯಾಯಾಧೀಶರ ಮುಂದೆ ಮನೆಯಿಂದಲೇ ವಿಡಿಯೊ ಮೂಲಕ ಹಾಜರಾದರು. ಆ ವಿಡಿಯೊ ಸೇವೆ ಹೇಗಿತ್ತು ಎಂಬುದನ್ನು, ಇಲ್ಲಿನ ಸೇನೆಯಲ್ಲಿರುವ ಕನ್ನಡದ ಮಕ್ಕಳಿಗೂ ಅವರ ಮನೆಯವರಿಗೂ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ.

ನಾವಿರುವುದು ಟೆಕ್ಸಾಸ್‌ನ ಪಶ್ಚಿಮ ತುದಿಯ ಎಲ್ ಪಾಸೊದಲ್ಲಿ. ವೇಕೋ ನಗರದಲ್ಲಿರುವ ಇಲಾಖೆಯ ಪ್ರಾದೇಶಿಕ ಕಚೇರಿ ನಮ್ಮಿಂದ ಸುಮಾರು ಸಾವಿರ ಕಿಲೋಮೀಟರ್ ದೂರ, ಅಂದರೆ ಬೆಂಗಳೂರಿನಿಂದ ಮುಂಬಯಿಗೆ ಹೋದಷ್ಟು. ಮೊದಲೆಲ್ಲ ವಿಚಾರಣೆ ಬೇಕೆಂದವರು ಇಂಥದೊಂದು ಕಚೇರಿಗೋ ವಾಷಿಂಗ್ಟನ್ನಿಗೋ ಹೋಗಬೇಕಿತ್ತು, ಮತ್ತು ಆ ಪ್ರಯಾಣದ ಖರ್ಚನ್ನು ಸರ್ಕಾರ ಕೊಡುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಬಂದ ಕಾನೂನೊಂದು ಮನೆಯಿಂದಲೇ, ಸ್ವಂತ ಫೋನ್ ಅಥವಾ ಕಂಪ್ಯೂಟರ್ ಮೂಲಕ ಹಾಜರಾಗಲು ಅವಕಾಶ ಕೊಟ್ಟಿತು. ಬೆನ್ನು ಮುರಿದುಕೊಂಡವರು, ಗಾಲಿಕುರ್ಚಿಯಲ್ಲಿರುವವರು, ಜನಸಂದಣಿ ಕಂಡರೆ ಎದೆ ಹೊಡೆದುಕೊಳ್ಳುವವರು ತಮ್ಮ ಅಂಗವೈಕಲ್ಯವನ್ನು ವಿವರಿಸಲೆಂದೇ ದಿನಗಟ್ಟಲೆ ಪ್ರಯಾಣ ಮಾಡಬೇಕಿದ್ದ ಕಾಲ ಹೋಯಿತಲ್ಲ ಎಂಬುದು ನನಗೆ ನಿಜವಾದ ಸಮಾಧಾನ.

ವಿಚಾರಣೆಯ ಹಂತಕ್ಕೆ ಬರುವ ದಾರಿಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ತಪ್ಪು ದಾರಿ ಹಿಡಿದವರಿಗೆ ವಿಡಿಯೊ ಸೇವೆ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. 2019ರ ಫೆಬ್ರುವರಿ 19ರಿಂದ ಜಾರಿಯಲ್ಲಿರುವ ಪದ್ಧತಿಯ ಪ್ರಕಾರ, ತೀರ್ಮಾನದ ಪತ್ರದ ದಿನಾಂಕದಿಂದ ಒಂದು ವರ್ಷದೊಳಗೆ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಬೇಕು: ಹೊಸ ಸಾಕ್ಷ್ಯದೊಂದಿಗೆ ಪೂರಕ ಅರ್ಜಿ, ಇದ್ದ ದಾಖಲೆಯನ್ನೇ ಹಿರಿಯ ಅಧಿಕಾರಿಯೊಬ್ಬರು ಮತ್ತೆ ನೋಡುವ ಮರುಪರಿಶೀಲನೆ, ಇಲ್ಲವೇ 10182 ಸಂಖ್ಯೆಯ ನಮೂನೆ ತುಂಬಿ ಮಂಡಳಿಗೆ ಮೇಲ್ಮನವಿ. ಮಂಡಳಿಯಲ್ಲಿಯೂ ಮತ್ತೆ ಮೂರು ಸಾಲುಗಳಿವೆ. ನೇರ ಪರಿಶೀಲನೆಯಲ್ಲಿ ಹೊಸ ಕಾಗದಕ್ಕೆ ಅವಕಾಶವಿಲ್ಲ, ಎರಡನೆಯದರಲ್ಲಿ ಸಾಕ್ಷ್ಯ ಸಲ್ಲಿಸಬಹುದು, ಮೂರನೆಯದರಲ್ಲಿ ನ್ಯಾಯಾಧೀಶರ ಮುಂದೆ ಮಾತನಾಡಿ, ಆಮೇಲೆ 90 ದಿನಗಳವರೆಗೆ ಸಾಕ್ಷ್ಯ ಕಳುಹಿಸಬಹುದು. ಈ ಮೂರನೆಯ ಸಾಲು ಮೂರರಲ್ಲಿ ಅತ್ಯಂತ ನಿಧಾನದ್ದು, ಇದನ್ನು ತಿಳಿದೇ ಆರಿಸಿಕೊಳ್ಳಬೇಕು. ಕಾಗದದಲ್ಲಿಯೇ ಎಲ್ಲ ಸ್ಪಷ್ಟವಾಗಿದ್ದವರಿಗೆ ಇದು ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ನಮ್ಮಲ್ಲಿ ಕಾಗದ ಹೇಳದ ಸಂಗತಿಗಳಿದ್ದವು.

ಅವರ ಕಿವಿಯನ್ನು ಪರೀಕ್ಷಿಸಿದ ಕ್ಲಿನಿಕ್ಕಿನವರು ಹತ್ತೇ ನಿಮಿಷದಲ್ಲಿ ಕೆಲಸ ಮುಗಿಸಿ, ಸೇವೆಯಿಂದ ಬಿಡುಗಡೆಯಾದಾಗ ಶ್ರವಣ ಪರೀಕ್ಷೆ ಸಹಜವಾಗಿತ್ತು, ಆದ್ದರಿಂದ ಈಗಿನ ತೊಂದರೆಗೂ ಸೇವೆಗೂ ಸಂಬಂಧವಿಲ್ಲ ಎಂದು ಒಂದೇ ವಾಕ್ಯ ಬರೆದಿದ್ದರು. ಜನರೇಟರ್‌ಗಳ ನಡುವೆ ಎಷ್ಟು ಗಂಟೆ ಇರುತ್ತಿದ್ದಿರಿ, ಮೊರೆತ ಯಾವಾಗ ಶುರುವಾಯಿತು ಎಂದು ಕೇಳಿರಲಿಲ್ಲ. ಮಾಜಿ ಸೈನಿಕರ ಮೇಲ್ಮನವಿಗಳಿಗೆಂದೇ ಇರುವ ಫೆಡರಲ್ ನ್ಯಾಯಾಲಯವು 1993ರ ಹೆನ್ಸ್ಲಿ ಪ್ರಕರಣದಲ್ಲಿ, ಬಿಡುಗಡೆಯ ದಿನ ಶ್ರವಣ ಸಹಜವಾಗಿತ್ತು ಎಂಬ ಕಾರಣ ಮಾತ್ರದಿಂದ ಹಕ್ಕು ಬಿದ್ದುಹೋಗುವುದಿಲ್ಲ ಎಂದಿದೆ. 2002ರ ಚಾರ್ಲ್ಸ್ ಪ್ರಕರಣದಲ್ಲಿ, ಕಿವಿ ಮೊರೆಯುತ್ತದೆ ಎಂದು ಹೇಳಲು ವೈದ್ಯರೇ ಆಗಬೇಕಿಲ್ಲ, ಅನುಭವಿಸುತ್ತಿರುವವರ ಮಾತೇ ಸಾಕ್ಷ್ಯವಾಗುತ್ತದೆ ಎಂದಿದೆ. ಈ ಎರಡು ಮಾತುಗಳನ್ನು ನಮಗೆ ತಿಳಿಸಿಕೊಟ್ಟವರು ಮಾಜಿ ಸೈನಿಕರ ಸಂಘವೊಂದರ ಪ್ರತಿನಿಧಿ. ಅಮೆರಿಕನ್ ಲೀಜನ್, ಡಿಸೇಬಲ್ಡ್ ಅಮೆರಿಕನ್ ವೆಟರನ್ಸ್, ವೆಟರನ್ಸ್ ಆಫ್ ಫಾರಿನ್ ವಾರ್ಸ್ ಮೊದಲಾದ ಸಂಘಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಒಂದು ಡಾಲರ್ ಕೂಡ ತೆಗೆದುಕೊಳ್ಳದೆ ಈ ಕೆಲಸ ಮಾಡುತ್ತಾರೆ. ಇದು ಗೊತ್ತಿಲ್ಲದೆ ನಾವು ಮೊದಲು ಒಂದು ಖಾಸಗಿ ಕಂಪನಿಯ ಮಾತಿಗೆ ಕಿವಿಗೊಟ್ಟಿದ್ದೆವು. ಮೊದಲ ಅರ್ಜಿ ತುಂಬಿಕೊಡುವುದಕ್ಕೇ ಅವರು ಮುಂದೆ ಹೆಚ್ಚಾಗುವ ಪರಿಹಾರದ ಐದು ತಿಂಗಳ ಮೊತ್ತ ಕೇಳಿದ್ದರು. ಮೊದಲ ತೀರ್ಮಾನ ಬರುವ ಮುಂಚೆ ಅರ್ಜಿಯ ಕೆಲಸಕ್ಕೆ ಶುಲ್ಕ ತೆಗೆದುಕೊಳ್ಳಲು ಮಾನ್ಯತೆ ಪಡೆದ ವಕೀಲರಿಗೂ ಕಾನೂನಿನಲ್ಲಿ ಅವಕಾಶವಿಲ್ಲ. ಹಣ ಕೇಳಿದವರ ಮಾನ್ಯತೆಯನ್ನು ಇಲಾಖೆಯ ಪಟ್ಟಿಯಲ್ಲಿ ಹುಡುಕಿ ನೋಡಿ, ಹೆಸರಿಲ್ಲದಿದ್ದರೆ ಆ ಬಾಗಿಲಿನಿಂದ ಹಿಂದಿರುಗಿ ಬನ್ನಿ.

ವಿಚಾರಣೆಯ ದಿನಾಂಕದ ಪತ್ರ ಸುಮಾರು ಒಂದು ತಿಂಗಳು ಮುಂಚೆ ಬಂತು, ವಿಡಿಯೊಗೆ ಸೇರುವ ಕೊಂಡಿ ಇಮೇಲ್‌ನಲ್ಲಿ ಬಂತು. ಆ ತಿಂಗಳಲ್ಲಿ ನಾವು ಮಾಡಿದ ಮುಖ್ಯ ಕೆಲಸವೆಂದರೆ ಬರೆದಿಟ್ಟುಕೊಂಡದ್ದು. ಯಾವ ವರ್ಷ ಯಾವ ಶಿಬಿರ, ಒಂದು ಪಾಳಿಗೆ ಎಷ್ಟು ಗಂಟೆ, ಎಷ್ಟು ಜನರೇಟರ್‌ಗಳ ಪಕ್ಕ, ಕಿವಿಗೆ ಇಟ್ಟುಕೊಳ್ಳುವ ಬಿರಡೆಯನ್ನು ಎಂಜಿನ್ನಿನ ಸದ್ದು ಕೇಳಿ ದೋಷ ಗುರುತಿಸಬೇಕಾದಾಗಲೆಲ್ಲ ಏಕೆ ತೆಗೆಯಬೇಕಾಗುತ್ತಿತ್ತು, ಮೊರೆತ ಮೊದಲು ಗಮನಕ್ಕೆ ಬಂದದ್ದು ಯಾವ ರಾತ್ರಿ. ನನ್ನ ಪಾಲಿಗೆ ನಾನು ಬೇರೆಯೇ ಒಂದು ಹಾಳೆ ಬರೆದುಕೊಂಡೆ, ಏಕೆಂದರೆ ಮನೆಯವರೂ ಸಾಕ್ಷಿ ಹೇಳಬಹುದು. ವೇಕೋಗೆ ಹೋಗಬೇಕಾಗಿದ್ದರೆ ಶಾಲೆಗೆ ಹೋಗುವ ಮಕ್ಕಳನ್ನು ಬಿಟ್ಟು ನಾನು ಖಂಡಿತ ಹೋಗುತ್ತಿರಲಿಲ್ಲ. ಈ ಸೇವೆಯ ದೊಡ್ಡ ಉಪಕಾರ ನನ್ನ ದೃಷ್ಟಿಯಲ್ಲಿ ಇದೇ.

ಕಿವಿ ಮಂದವಾದವರಿಗೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಹಿಂದಿನ ದಿನ ಮಗಳನ್ನು ಬೇರೆ ಕೋಣೆಯಲ್ಲಿ ಕೂರಿಸಿ ಅಭ್ಯಾಸ ಮಾಡಿದಾಗ, ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಅವರಿಗೆ ಅರ್ಧ ಮಾತು ಹಿಡಿಯಲೇ ಇಲ್ಲ, ಆದರೂ ಹಿಡಿದವರಂತೆ ಹೂಂ ಎನ್ನುತ್ತಿದ್ದರು. ಸೈನ್ಯದಲ್ಲಿದ್ದವರಿಗೆ ಮತ್ತೊಮ್ಮೆ ಹೇಳಿ ಎಂದು ಕೇಳುವುದಕ್ಕೇ ಸಂಕೋಚ. ಆಣೆಯಿಟ್ಟು ಹೇಳುವ ಮಾತಿನಲ್ಲಿ ಕೇಳಿಸದ ಪ್ರಶ್ನೆಗೆ ಹೂಂ ಎಂದುಬಿಟ್ಟರೆ ಅದು ದಾಖಲೆಯಾಗಿ ಉಳಿಯುತ್ತದೆ. ಅಂದೇ ತಂತಿಯಿರುವ ದೊಡ್ಡ ಹೆಡ್‌ಫೋನ್ ತಂದೆವು, ರೂಟರನ್ನು ಊಟದ ಮೇಜಿನ ಪಕ್ಕಕ್ಕೆ ಎಳೆದೆವು. ಇಷ್ಟಾದರೂ ವಿಚಾರಣೆಯ ನಡುವೆ ಒಮ್ಮೆ ನಮ್ಮ ಮನೆಯ ಇಂಟರ್ನೆಟ್ ಕಡಿದು ಚಿತ್ರ ನಿಂತುಹೋಯಿತು; ಮತ್ತೆ ಸೇರಿಕೊಂಡಾಗ ನ್ಯಾಯಾಧೀಶರು ಬೇಸರಿಸದೆ, ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮಾತು ಮುಂದುವರಿಸಿದರು.

ವಿಚಾರಣೆಯ ಆ ಅರ್ಧ ಗಂಟೆಯನ್ನು ನಾನು ಮರೆಯಲಾರೆ. ಇಲ್ಲಿ ಎದುರು ಪಕ್ಷದ ವಕೀಲರೆಂದು ಯಾರೂ ಇರುವುದಿಲ್ಲ, ಪಾಟಿಸವಾಲು ಇರುವುದಿಲ್ಲ. ಪ್ರಮಾಣ ಮಾಡಿಸಿದ ಮೇಲೆ ನಮ್ಮ ಪ್ರತಿನಿಧಿ ತಮ್ಮ ಊರಿನಿಂದಲೇ ಪ್ರಶ್ನೆ ಕೇಳುತ್ತಾ ಹೋದರು, ನ್ಯಾಯಾಧೀಶರು ನಡುನಡುವೆ ತಮ್ಮ ಪ್ರಶ್ನೆ ಸೇರಿಸಿದರು. ನಮ್ಮ ಇಂಗ್ಲಿಷಿನ ಉಚ್ಚಾರ ಅವರಿಗೆ ತಿಳಿಯುತ್ತದೆಯೋ ಇಲ್ಲವೋ ಎಂಬ ಅಳುಕು ಎರಡು ನಿಮಿಷದಲ್ಲಿ ಹೋಯಿತು. ವರ್ಷಗಳಿಂದ ಕಾಗದಗಳಲ್ಲಿ ಒಂದು ಸಂಖ್ಯೆಯಾಗಿದ್ದವರು ತಮ್ಮ ಮಾತಿನಲ್ಲಿಯೇ ತಮ್ಮ ದುಡಿಮೆಯನ್ನು ವಿವರಿಸಿದರು. ನನ್ನ ಸರದಿ ಬಂದಾಗ ಫ್ಯಾನಿನ ಸಂಗತಿ ಹೇಳಿದೆ, ಮಕ್ಕಳು ಪಿಸುಮಾತಿನಲ್ಲಿ ಹೇಳುವ ಗುಟ್ಟುಗಳು ಅಪ್ಪನಿಗೆ ಕೇಳದೆ ಹೋಗುವುದನ್ನು ಹೇಳಿದೆ. ಕೊನೆಯಲ್ಲಿ ನ್ಯಾಯಾಧೀಶರು, ಶ್ರವಣದೋಷಕ್ಕೂ ಸೇವೆಗೂ ಇರುವ ಸಂಬಂಧವನ್ನು ವಿವರಿಸುವ ವೈದ್ಯಕೀಯ ಅಭಿಪ್ರಾಯ ಕಡತದಲ್ಲಿ ಇಲ್ಲವೆಂದು ಸ್ಪಷ್ಟವಾಗಿ ತಿಳಿಸಿ, ಮುಂದಿನ 90 ದಿನಗಳನ್ನು ಅದಕ್ಕೆ ಬಳಸಿಕೊಳ್ಳಬಹುದೆಂದರು. ಏನು ಕೊರತೆ ಎಂದು ನಮಗೆ ನೇರವಾಗಿ ಹೇಳಿದವರು ಅವರೇ ಮೊದಲಿಗರು.

ವಿಡಿಯೊ ಎಂಬ ಮಾಧ್ಯಮಕ್ಕೇ ಇರುವ ಮಿತಿಯೂ ಉಂಟು. ಪಕ್ಕದಲ್ಲಿ ಕುಳಿತ ಪ್ರತಿನಿಧಿಯ ಕಿವಿಯಲ್ಲಿ ಒಂದು ಮಾತು ಹೇಳುವ ಹಾಗೆ ಇಲ್ಲಿ ಆಗದು, ಹೇಳಬೇಕಾದದ್ದನ್ನೆಲ್ಲ ಮೊದಲೇ ಮಾತನಾಡಿ ಮುಗಿಸಿರಬೇಕು. ಮುರಿದ ಮೊಣಕಾಲನ್ನೋ ನಡೆಯುವ ಕಷ್ಟವನ್ನೋ ಕಣ್ಣಾರೆ ತೋರಿಸಬೇಕೆನ್ನುವವರಿಗೆ ಆ ಚಿಕ್ಕ ಚೌಕಟ್ಟು ಸಾಲದೆನಿಸಬಹುದು. ಅವರಿಗೆ ವಾಷಿಂಗ್ಟನ್ನಿನ ಮುಖಾಮುಖಿ ವಿಚಾರಣೆಯ ಆಯ್ಕೆ ಈಗಲೂ ಇದೆ.

ತೀರ್ಪು ಅಂದೇ ಬರುವುದಿಲ್ಲ. ವಿಚಾರಣೆಯ ಮಾತುಗಳೆಲ್ಲ ಲಿಖಿತ ಪ್ರತಿಯಾಗಿ ಕಡತ ಸೇರಿದ ಮೇಲೆ, 2025ರ ಮಾರ್ಚಿನಲ್ಲಿ ಪತ್ರ ಬಂತು. ಪರ ಮತ್ತು ವಿರೋಧ ಸಾಕ್ಷ್ಯಗಳ ತಕ್ಕಡಿ ಸಮನಾಗಿ ನಿಂತರೆ ಸಂಶಯದ ಲಾಭ ಸೈನಿಕನಿಗೇ ಸಲ್ಲಬೇಕೆಂಬುದು ಇಲ್ಲಿನ ಕಾನೂನು. ಆ ನಿಯಮದಡಿ ಕಿವಿಮೊರೆತವನ್ನು ಸೇವೆಯಿಂದ ಬಂದದ್ದೆಂದು ಒಪ್ಪಿದ್ದರು. ಅದಕ್ಕೆ ಸಿಗುವ ಶೇಕಡಾ 10ರ ದರ 2025ರಲ್ಲಿ ತಿಂಗಳಿಗೆ 175 ಡಾಲರ್ ಚಿಲ್ಲರೆ, ತೆರಿಗೆಯಿಲ್ಲ. ಗಡುವು ತಪ್ಪದೆ ಮೇಲ್ಮನವಿ ಹೂಡಿದ್ದರಿಂದ ಲೆಕ್ಕ 2021ರ ಮೊದಲ ಅರ್ಜಿಯಿಂದಲೇ ಶುರುವಾಯಿತು. ಮೊತ್ತಕ್ಕಿಂತ ಹೆಚ್ಚಾಗಿ ಆ ತೀರ್ಪಿನ ಒಂದು ಪ್ಯಾರಾ ಅವರನ್ನು ಕಲಕಿತು: ಅರ್ಜಿದಾರರ ಮತ್ತು ಅವರ ಪತ್ನಿಯ ಮಾತು ನಂಬಲರ್ಹವಾಗಿದೆ ಎಂದು ಅದರಲ್ಲಿತ್ತು. ಅದನ್ನು ಅವರು ಎರಡು ಸಲ ಗಟ್ಟಿಯಾಗಿ ಓದಿದರು.

ಶ್ರವಣದೋಷದ ಭಾಗವನ್ನು ಹೊಸ ವೈದ್ಯಕೀಯ ಪರೀಕ್ಷೆಗಾಗಿ ಪ್ರಾದೇಶಿಕ ಕಚೇರಿಗೆ ಹಿಂದಕ್ಕೆ ಕಳುಹಿಸಿದ್ದಾರೆ. ಆ ಪರೀಕ್ಷೆಯ ದಿನ ಇನ್ನೂ ಗೊತ್ತಾಗಿಲ್ಲ. ವಿಚಾರಣೆಗೆ ಬರೆದಿಟ್ಟುಕೊಂಡಿದ್ದ ಹಾಳೆಗಳು ಫ್ರಿಡ್ಜಿನ ಮೇಲಿನ ಕಡತದಲ್ಲಿ ಹಾಗೆಯೇ ಇವೆ, ಈ ಸಲ ಪರೀಕ್ಷಿಸುವವರು ಕೇಳದಿದ್ದರೂ ಅವುಗಳ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟೇ ಬರುತ್ತೇವೆ.