ಮಗಳ ಕನ್ನಡಕ: ಆನ್‌ಲೈನ್ ಫ್ರೇಮು ಮತ್ತು ಓಣಿಯ ಅಂಗಡಿಯ ಫ್ರೇಮು

ಮೂರನೆಯ ತರಗತಿಯ ಮಗಳಿಗೆ ಎರಡು ಬಗೆಯ ಕನ್ನಡಕಗಳನ್ನು ಹಾಕಿಸಿ ನೋಡಿದ ಮೇಲೆ ನನ್ನ ಒಲವು ಎತ್ತ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ: ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಮ್ಮ ಓಣಿಯ ಅಂಗಡಿಯಿಂದ ಕೊಂಡ, ಮೂಗಿನ ಮೇಲೆ ಕೂರಲು ಎರಡು ಸಿಲಿಕೋನ್ ಪ್ಯಾಡುಗಳಿರುವ ತೆಳುವಾದ ಲೋಹದ ಫ್ರೇಮು. ಅದಕ್ಕೂ ಮೊದಲು ಆನ್‌ಲೈನಿನಲ್ಲಿ ತರಿಸಿದ್ದು ಟಿಆರ್-90 ಎಂಬ ನೈಲಾನ್ ಜಾತಿಯ ಪ್ಲಾಸ್ಟಿಕ್ಕಿನ, ಬಾಗಿಸಿದರೂ ಸುಲಭವಾಗಿ ಮುರಿಯದ ಫ್ರೇಮು. ಬಣ್ಣ, ಹಗುರತನ, ಬೆಲೆ ಮೂರರಲ್ಲಿಯೂ ಅದೇ ಮೇಲು.

ಆದರೆ ಅದು ಜಾರುತ್ತಿತ್ತು, ಮತ್ತು ಈ ಒಂದು ದೋಷದ ಮುಂದೆ ಉಳಿದ ಗುಣಗಳು ನಿಲ್ಲಲಿಲ್ಲ. ಎಂಟು ವರ್ಷದ ಮಗುವಿನ ಮೂಗಿನ ಬುಡ ದೊಡ್ಡವರದ್ದರಂತೆ ಇನ್ನೂ ಎದ್ದು ಬಂದಿರುವುದಿಲ್ಲ. ನಾವು ತರಿಸಿದ ಫ್ರೇಮಿನ ಮೂಗಿನ ಭಾಗ ಅಚ್ಚಿನಲ್ಲಿಯೇ ಒಂದಾಗಿ ಬಂದಿದ್ದರಿಂದ ಅದನ್ನು ಹಿಗ್ಗಿಸಲೂ ಕುಗ್ಗಿಸಲೂ ಬರುತ್ತಿರಲಿಲ್ಲ. ಹೀಗಾಗಿ ಭಾರವೆಲ್ಲ ಕೆನ್ನೆಗೆ ಇಳಿದು, ಅವಳು ನಕ್ಕಾಗ ಕೆನ್ನೆ ಉಬ್ಬಿ ಫ್ರೇಮನ್ನು ಮೇಲಕ್ಕೆ ತಳ್ಳುತ್ತಿತ್ತು, ನಗು ನಿಂತೊಡನೆ ಅದು ಮೊದಲಿಗಿಂತ ಕೆಳಗೆ ಬರುತ್ತಿತ್ತು. ಇದರ ಮೇಲೆ ಅಕ್ಟೋಬರಿನ ಸೆಕೆ. ಶಾಲೆಯ ಬಸ್ಸು ಇಳಿಯುವ ಹೊತ್ತಿಗೆ ಬೆವರಿಗೆ ಕನ್ನಡಕ ಮೂಗಿನ ತುದಿಯಲ್ಲಿರುತ್ತಿತ್ತು.

ಇದು ಅಂದಚಂದದ ಮಾತಲ್ಲ. ಗಾಜಿನ ನಡುಬಿಂದು ಕಣ್ಣಿನ ಪಾಪೆಯ ಎದುರಿಗೆ ಇರಬೇಕೆಂದೇ ಪರೀಕ್ಷೆಯ ವೇಳೆ ಎರಡು ಪಾಪೆಗಳ ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಫ್ರೇಮು ಜಾರಿದರೆ ನಡುಬಿಂದು ಪಾಪೆಗಿಂತ ಕೆಳಗಿಳಿದು ಆ ಹೊಂದಾಣಿಕೆ ಕೆಡುತ್ತದೆ. ಕರಿಹಲಗೆಯನ್ನು ನನ್ನ ಮಗಳು ಫ್ರೇಮಿನ ಅಂಚಿನ ಮೇಲಿನಿಂದ, ಅಂದರೆ ಕನ್ನಡಕವೇ ಇಲ್ಲದಂತೆ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಳೆಂದು ಅವಳ ಟೀಚರೇ ಡೈರಿಯಲ್ಲಿ ಬರೆದು ಕಳಿಸಿದರು.

ಸರಿಪಡಿಸಿ ಕೊಡಿರೆಂದು ಅದನ್ನು ಓಣಿಯ ಅಂಗಡಿಯ ಕಾಕಾ ಅವರ ಬಳಿಗೆ ಒಯ್ದೆ. ಅವರು ಬಿಸಿ ಗಾಳಿಯ ಯಂತ್ರಕ್ಕೆ ಹಿಡಿದು ಕಿವಿಯ ಹಿಂದಿನ ಕಡ್ಡಿಗಳನ್ನು ಬಾಗಿಸಿ ಕೊಟ್ಟರು, ಆದರೆ ಸಂಜೆಯೊಳಗೆ ಅವು ಮತ್ತೆ ನೆಟ್ಟಗಾದವು. ಬಾಗಿಸಿದರೆ ಮೊದಲಿನ ಆಕಾರಕ್ಕೆ ಮರಳುವುದೇ ಆ ವಸ್ತುವಿನ ಗುಣ. ಮುರಿಯದಂತೆ ಕಾಪಾಡುವ ಆ ಗುಣವೇ ಮಗುವಿನ ಮುಖಕ್ಕೆ ಹೊಂದಿಸಲು ಅಡ್ಡಿಯಾಗುತ್ತದೆ.

ಲೋಹದ ಫ್ರೇಮು ಕೊಂಡಾಗ ಅದೇ ಕಾಕಾ ಪುಟ್ಟ ಇಕ್ಕಳದಿಂದ ಪ್ಯಾಡುಗಳ ತಂತಿಯನ್ನು ಒಂದೊಂದಾಗಿ ಒಳಕ್ಕೆ ತಿರುಗಿಸಿ, "ಖಾಲೀ ಬಘ್, ಬಾಳಾ" ಎಂದು ಮರಾಠಿಯಲ್ಲಿ ಮಗಳಿಗೆ ನೆಲ ನೋಡಲು ಹೇಳಿ, ತಲೆ ಅಲ್ಲಾಡಿಸಲು ಹೇಳಿ, ಬಲಗಡೆಯ ತಂತಿಯನ್ನು ಇನ್ನೊಮ್ಮೆ ತಿದ್ದಿದರು. ಅಂದಿನಿಂದ ಅದು ಕೂತಲ್ಲೇ ಕೂತಿದೆ. ತಿರುಪು ಸಡಿಲವಾಗುತ್ತದೆ, ಪ್ಯಾಡು ಹಳದಿಯಾಗುತ್ತದೆ. ಎರಡನ್ನೂ ಸಂಜೆ ತರಕಾರಿಗೆ ಹೋದಾಗ ಸರಿಮಾಡಿಸಿಕೊಂಡು ಬರುತ್ತೇನೆ.

ಗಾಜು ಎರಡರಲ್ಲಿಯೂ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನದು, ಮತ್ತು ಮಕ್ಕಳ ವಿಷಯದಲ್ಲಿ ಇದರಲ್ಲಿ ರಾಜಿ ಮಾಡಿಕೊಳ್ಳಬಾರದು. ಪೆಟ್ಟು ಬಿದ್ದರೆ ಸಾಮಾನ್ಯ ಪ್ಲಾಸ್ಟಿಕ್ ಗಾಜಿನಷ್ಟು ಸುಲಭವಾಗಿ ಒಡೆಯುವುದಿಲ್ಲ, ಅತಿನೇರಳೆ ಕಿರಣಗಳನ್ನೂ ತಾನಾಗಿಯೇ ತಡೆಯುತ್ತದೆ. ಗೀರು ಮಾತ್ರ ಬೇಗ ಬೀಳುವುದರಿಂದ ಗಟ್ಟಿ ಲೇಪನವಿದೆಯೇ ಎಂದು ಕೇಳಿ. ನೀಲಿ ಬೆಳಕು ತಡೆಯುವ ಲೇಪನಕ್ಕೆ ನಾನು ಹಣ ಕೊಡಲಿಲ್ಲ. ಕಂಪ್ಯೂಟರ್ ನೋಡುವುದಕ್ಕೆಂದು ಅಂಥ ಕನ್ನಡಕವನ್ನು ಅಮೆರಿಕದ ನೇತ್ರತಜ್ಞರ ಅಕಾಡೆಮಿಯೂ ಶಿಫಾರಸು ಮಾಡುವುದಿಲ್ಲ.

ಎರಡೂ ಕಡೆ ಸಮಾನವಾಗಿ ಬೇಕಾದುದು ಕಣ್ಣಿಗೆ ಡ್ರಾಪ್ಸ್ ಹಾಕಿ ಪರೀಕ್ಷಿಸಿ ಬರೆದ ವೈದ್ಯರ ಚೀಟಿ. ಮಕ್ಕಳ ಕಣ್ಣು ಹತ್ತಿರದ ನೋಟಕ್ಕೆ ಬಲವಾಗಿ ಬಿಗಿದುಕೊಳ್ಳುವುದರಿಂದ, ಆ ಬಿಗಿತ ಸಡಿಲಿಸುವ ಡ್ರಾಪ್ಸ್ ಹಾಕದೆ ನೋಡಿದರೆ ಮೈನಸ್ ನಂಬರು ಇರುವುದಕ್ಕಿಂತ ಹೆಚ್ಚು ಬರಬಹುದು.

ನಾಲ್ಕು ವರ್ಷದೊಳಗಿನ ಮಗುವಿಗೆ, ಅಥವಾ ದಿನವೂ ಮೈದಾನದಲ್ಲಿ ಚೆಂಡಿನ ಹಿಂದೆ ಓಡುವ ಮಗುವಿಗೆ, ತಲೆಯ ಹಿಂದೆ ಎಲಾಸ್ಟಿಕ್ ಪಟ್ಟಿ ಕಟ್ಟಿದ ಮೆತ್ತನೆಯ ಫ್ರೇಮೇ ಸರಿ. ಅಲ್ಲಿ ಲೋಹದ ತಂತಿ ಅಪಾಯ. ನನ್ನ ಮಗಳು ಓದುವವಳು, ಚಿತ್ರ ಬರೆಯುವವಳು. ಬೆಳೆಯುವ ವಯಸ್ಸಿನಲ್ಲಿ ನಂಬರು ಬದಲಾಗುತ್ತಲೇ ಇರುವುದರಿಂದ ರೂ. 2,500ಕ್ಕಿಂತ ಹೆಚ್ಚು ಒಂದು ಕನ್ನಡಕಕ್ಕೆ ಹಾಕಲು ನಮಗೆ ಆಗುವುದಿಲ್ಲ. ಮುಂದಿನ ಸಲ ನಂಬರು ಬದಲಾದರೆ ಇದೇ ಫ್ರೇಮಿಗೆ ಗಾಜು ಮಾತ್ರ ಹಾಕಿಕೊಡುವುದಾಗಿ ಕಾಕಾ ಒಪ್ಪಿದ್ದಾರೆ.